ಗುತ್ತಿಗೆಗೆ ಕೊಡುವುದೋ, ಮುಂದೆ ನಿಂತು ಮಾಡಿಸುವುದೋ?

‘ಗುತ್ತಿಗೆ’ ಎಂಬುದು ಕನ್ನಡದಲ್ಲಿ ಬಹು ಹಳೆಯ ಮಾತು. ಶಾಸನಗಳಲ್ಲಿ ಅದು ‘ಗುತ್ತಗೆ’ ಎಂಬ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಆದರೆ ಅಲ್ಲಿ ಅದಕ್ಕೆ ಮನೆ ಕಟ್ಟುವುದರೊಡನೆ ಯಾವ ಸಂಬಂಧವೂ ಇಲ್ಲ. ಇಂತಿಷ್ಟು ನೆಲಕ್ಕೆ ಇಂತಿಷ್ಟು ಎಂದು ಮೊದಲೇ ಗೊತ್ತುಪಡಿಸಿದ ಮೊತ್ತವನ್ನು ಒಪ್ಪಿಕೊಂಡು ಭೂಮಿಯನ್ನು ಹಿಡಿಯುವ ಕರಾರು ಅದು. ಮೈಸೂರು ಸಂಸ್ಥಾನದ ಕಂದಾಯದ ವಿವರಗಳಲ್ಲಿಯೂ ‘ಕಟ್ಟುಗುತ್ತಿಗೆ’ಯ ಮಾತು ಬರುತ್ತದೆ. ಮಳೆ ಬಂದರೂ ಅಷ್ಟೇ, ಹೋದರೂ ಅಷ್ಟೇ. ಲಾಭವೂ ಹಿಡಿದವನದು, ನಷ್ಟವೂ ಹಿಡಿದವನದು. ಹೊಲದಿಂದ ಈ ಮಾತು ಮನೆಗೆ ಬಂದಾಗಲೂ ಒಳಗಿನ ತತ್ತ್ವ ಬದಲಾಗಲಿಲ್ಲ. ಮುಂದೆ ಏನಾಗುವುದೋ ತಿಳಿಯದ ಅಪಾಯವನ್ನು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾಟಿಸುವುದೇ ಗುತ್ತಿಗೆ. ಅದಕ್ಕಾಗಿಯೇ ನಾವು ಹೆಚ್ಚು ಹಣ ಕೊಡುತ್ತೇವೆ.

‘ಮೇಸ್ತ್ರಿ’ ಎಂಬುದಾದರೋ ಪೋರ್ಚುಗೀಸರು ಬಿಟ್ಟುಹೋದ ಮಾತು. ಅವರ ನುಡಿಯಲ್ಲಿ ‘ಮೆಸ್ತ್ರೆ’ ಎಂದರೆ ಕಸುಬನ್ನು ಬಲ್ಲ ಗುರು. ಇಂಗ್ಲಿಷಿನ ‘ಮಾಸ್ಟರ್’ನಿಂದ ನಮ್ಮ ‘ಮೇಷ್ಟ್ರು’ ಹುಟ್ಟಿದರು. ಎರಡಕ್ಕೂ ಮೂಲ ಲ್ಯಾಟಿನ್ನಿನ ‘ಮ್ಯಾಗಿಸ್ಟರ್’. ಹಾಗಾಗಿ ಮೇಸ್ತ್ರಿಗಳೂ ಮೇಷ್ಟರುಗಳೂ ದೂರದ ದಾಯಾದಿಗಳು ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ಕೆಲವರಿಗೆ ನೆನಪಿರಬಹುದು.

ಈಗ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಊರಿನಲ್ಲಿರುವ ನಮ್ಮ ಅಜ್ಜನ ಕಾಲದ ತೊಟ್ಟಿಮನೆಯ ದುರಸ್ತಿಯ ಮಾತು ನೆಂಟರಿಷ್ಟರಲ್ಲಿ ಕೆಲವು ತಿಂಗಳುಗಳಿಂದ ನಡೆದಿದೆ. ಅಲ್ಲಿ ಈಗ ಇರುವವರು ನಮ್ಮ ಅಕ್ಕ ಒಬ್ಬರೇ. ಬಚ್ಚಲುಮನೆ ಹಿತ್ತಿಲಿನಲ್ಲಿದೆ. ಕಳೆದ ಆಷಾಢದಲ್ಲಿ ರಾತ್ರಿ ಎದ್ದು ಹೋಗುವಾಗ ಅಕ್ಕ ಪಾಚಿಯ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಆದುದರಿಂದ ಬಚ್ಚಲನ್ನೂ ಶೌಚಾಲಯವನ್ನೂ ಮನೆಯ ಒಳಕ್ಕೆ ತರಬೇಕು, ಅಡಿಗೆಮನೆಯನ್ನು ಸರಿಪಡಿಸಬೇಕು, ವೈರಿಂಗನ್ನು ಹೊಸದಾಗಿ ಮಾಡಿಸಬೇಕು, ಸೋರುವ ಮಾಡನ್ನು ಬಿಚ್ಚಿ ಕಟ್ಟಬೇಕು ಎಂಬಷ್ಟರ ಮಟ್ಟಿಗೆ ಎಲ್ಲರದೂ ಒಂದೇ ಅಭಿಪ್ರಾಯ. ಭಿನ್ನಾಭಿಪ್ರಾಯವಿರುವುದು ಮಾಡಿಸುವ ಬಗೆಯಲ್ಲಿ. ಅಕ್ಕನ ಮಗ ಬೆಂಗಳೂರಿನಲ್ಲಿದ್ದಾನೆ. ಶನಿವಾರ, ಭಾನುವಾರ ಮಾತ್ರ ಬರಬಲ್ಲ. ಸಾಮಾನು ಸಮೇತ ಎಲ್ಲವನ್ನೂ ಒಬ್ಬ ಕಂಟ್ರಾಕ್ಟರಿಗೆ ವಹಿಸಿ ಕೈ ತೊಳೆದುಕೊಳ್ಳಬೇಕೆಂಬುದು ಅವನ ಇಚ್ಛೆ. ಮೇಸ್ತ್ರಿಯನ್ನು ಹಿಡಿದು ದಿನಗೂಲಿಯ ಮೇಲೆ ಮಾಡಿಸಿದರೆ ಅರ್ಧ ಹಣ ಉಳಿಯುತ್ತದೆ ಎಂಬುದು ಊರಿನಲ್ಲಿರುವ ನೆಂಟರ ವಾದ. “ಮಾವಾ, ನೀವು ಇತಿಹಾಸ ಪಾಠ ಹೇಳಿದವರು, ನೀವೇ ತೀರ್ಮಾನ ಹೇಳಿ” ಎಂದು ಅವನು ದೂರವಾಣಿಯಲ್ಲಿ ನಗುತ್ತಾ ಹೇಳಿದ. ನಗೆಯ ಮಾತಾದರೂ ನಾನು ಅದನ್ನು ಗಂಭೀರವಾಗಿಯೇ ತೆಗೆದುಕೊಂಡೆ. ಏಕೆಂದರೆ ಈ ಪ್ರಶ್ನೆ ರಾಜರನ್ನೂ ರಾಷ್ಟ್ರಾಧ್ಯಕ್ಷರನ್ನೂ ಕಾಡಿದ್ದುಂಟು, ಅದರ ಲೆಕ್ಕಪತ್ರಗಳೂ ಉಳಿದಿವೆ.

ಇಡೀ ಕಟ್ಟಡದ ಹೊಣೆಯನ್ನು ಒಬ್ಬನೇ ಹೊರುವ ಗುತ್ತಿಗೆದಾರ ಪುರಾತನ ಕಾಲದವನೇನಲ್ಲ. ಹಿಂದೆ ಕೆಲಸ ಹಿಡಿಯುತ್ತಿದ್ದುದು ಕಸುಬಿನವರ ಗುಂಪುಗಳು. ಸಂಘವಾಗಿ ಕೂಲಿ ಮಾಡುವವರು ವೇತನವನ್ನು ಮಾತಾದಂತೆ ಅಥವಾ ಸಮನಾಗಿ ಹಂಚಿಕೊಳ್ಳಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಬೇಲೂರಿನ ಮದನಿಕೆಯರ ವಿಗ್ರಹಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳ ಹೆಸರುಗಳು ಕೊರೆಯಲ್ಪಟ್ಟಿವೆ. ಶಾಲಾ ಪ್ರವಾಸದಲ್ಲಿ ನಿಮಗೆ ಅವನ್ನು ತೋರಿಸಿದ್ದೇನೆ. ಯಾರ ಕೈಕೆಲಸ ಯಾವುದೆಂದು ಎಂಟುನೂರು ವರ್ಷಗಳ ಮೇಲೂ ಹೇಳಬಹುದಾದ ವ್ಯವಸ್ಥೆ ಅದು. ಇಂದು ನೆಲಕ್ಕೆ ಹಾಕಿದ ಟೈಲ್ಸ್ ಎದ್ದುಬಂದರೆ ಹಾಕಿದವನು ಯಾರೆಂದು ಎಂಟು ತಿಂಗಳಾದ ಮೇಲೆ ಪತ್ತೆಯಾಗುವುದಿಲ್ಲ.

ಇಂಗ್ಲೆಂಡಿನಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಆದಿಯವರೆಗೆ ಸಾಮಾನ್ಯವಾಗಿ ಇದ್ದದ್ದು ಇದೇ ಪದ್ಧತಿ. ಕಲ್ಲಿನವನೊಡನೆ ಒಂದು ಕರಾರು, ಬಡಗಿಯೊಡನೆ ಒಂದು, ಸೀಸದ ಕೆಲಸದವನೊಡನೆ ಇನ್ನೊಂದು. ಕೆಲಸ ಮುಗಿದ ಮೇಲೆ ಅಳತೆ ಹಿಡಿದು ಹಣ. ಮೊತ್ತ ಒಟ್ಟಿನಲ್ಲಿ ಎಷ್ಟಾಗುವುದೆಂದು ಮೊದಲೇ ಹೇಳುವವರಿಲ್ಲ. ಇದರ ಅಪಾಯವನ್ನು ತೋರಿಸುವುದಕ್ಕೆ ಬಕಿಂಗ್‌ಹ್ಯಾಮ್ ಅರಮನೆಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಅದು ಮೊದಲು ಅರಮನೆಯಾಗಿರಲಿಲ್ಲ. ಮೂರನೆಯ ಜಾರ್ಜ್ 1761ರಲ್ಲಿ ಕೊಂಡುಕೊಂಡ ಒಂದು ದೊಡ್ಡ ಮನೆ. ಅವನ ಮಗ ನಾಲ್ಕನೆಯ ಜಾರ್ಜ್ ಮೊದಲು ಅದನ್ನು ತಾನಿರಲು ಸ್ವಲ್ಪ ಸರಿಪಡಿಸಿಕೊಂಡರೆ ಸಾಕೆಂದುಕೊಂಡಿದ್ದವನು, ಆಮೇಲೆ ಅರಮನೆಯನ್ನಾಗಿಯೇ ಮಾಡಬೇಕೆಂದು ಮನಸ್ಸು ಬದಲಾಯಿಸಿದ. ಮನೆ ದುರಸ್ತಿಗೆ ಹೊರಟವರೆಲ್ಲರಿಗೂ ಈ ರೋಗ ಪರಿಚಿತ. “ಹೇಗೂ ಗೋಡೆ ಒಡೆದಿದ್ದೇವೆ, ಇದನ್ನೂ ಮಾಡಿಬಿಡೋಣ.” ವಾಸ್ತುಶಿಲ್ಪಿ ಜಾನ್ ನ್ಯಾಷ್ ರಾಜನ ಇಷ್ಟಕ್ಕೆ ತಕ್ಕಂತೆ ಕಟ್ಟಿದ, ಒಡೆದ, ಮತ್ತೆ ಕಟ್ಟಿದ. 1829ರ ಹೊತ್ತಿಗೆ ಖರ್ಚು ಐದು ಲಕ್ಷ ಪೌಂಡುಗಳ ಸಮೀಪಕ್ಕೆ ಬಂದಿತ್ತು. ಪಾರ್ಲಿಮೆಂಟು ವಿಚಾರಣೆಗೆ ಸಮಿತಿಯನ್ನು ನೇಮಿಸಿತು. 1830ರಲ್ಲಿ ರಾಜ ತೀರಿಕೊಂಡನು, ನ್ಯಾಷ್ ಕೆಲಸ ಕಳೆದುಕೊಂಡನು. ಉಳಿದುದನ್ನು ಎಡ್ವರ್ಡ್ ಬ್ಲೋರ್ ಎಂಬ ಮತ್ತೊಬ್ಬ ಮುಗಿಸಬೇಕಾಯಿತು. ಇಷ್ಟೆಲ್ಲ ಆಗಿ 1837ರಲ್ಲಿ ವಿಕ್ಟೋರಿಯಾ ರಾಣಿ ವಾಸಕ್ಕೆ ಬಂದಾಗ ಒಲೆಗೂಡುಗಳ ಹೊಗೆ ಕೋಣೆಯೊಳಕ್ಕೇ ಬರುತ್ತಿತ್ತು. ಹಣ ಸುರಿದರೆ ಮನೆ ವಾಸಯೋಗ್ಯವಾಗುತ್ತದೆ ಎಂಬ ಭರವಸೆ ಇಲ್ಲ.

ಈ ಪದ್ಧತಿಯನ್ನು ಮುರಿದವನು ಥಾಮಸ್ ಕ್ಯೂಬಿಟ್. 1788ರಲ್ಲಿ ಹುಟ್ಟಿದ ಇವನು ಕಸುಬಿನಿಂದ ಬಡಗಿ. 1815ರಲ್ಲಿ ಲಂಡನ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆಯ ಕಟ್ಟಡವನ್ನು ಹಿಡಿದಾಗ ಬೇರೆ ಬೇರೆ ಕಸುಬಿನವರಿಗಾಗಿ ಕಾಯುವುದೇ ಒಂದು ಕೆಲಸವಾಯಿತು. ಗಾರೆಯವನು ಬಂದರೆ ಬಡಗಿ ಇಲ್ಲ, ಬಡಗಿ ಬಂದರೆ ಕಲ್ಲು ಬಂದಿಲ್ಲ. ಆಗ ಅವನು ಎಲ್ಲ ಕಸುಬಿನವರನ್ನೂ ಖಾಯಂ ಸಂಬಳದ ಮೇಲೆ ತನ್ನಲ್ಲಿಯೇ ಇಟ್ಟುಕೊಂಡು ಸ್ವಂತ ಕಾರ್ಖಾನೆಯನ್ನು ತೆರೆದನು. ಇಂದಿನ ಕಂಟ್ರಾಕ್ಟರನ ಮೂಲಪುರುಷ ಇವನೇ ಎನ್ನಬಹುದು. ಅಷ್ಟು ಜನರಿಗೆ ವರ್ಷವಿಡೀ ಕೆಲಸ ಕೊಡಬೇಕಾದ್ದರಿಂದ ತಾನೇ ನೆಲ ಹಿಡಿದು ಬೀದಿ ಬೀದಿಗಳನ್ನೇ ಕಟ್ಟಿಸಿ ಮಾರಿದ. ಲಂಡನ್ನಿನ ಬೆಲ್‌ಗ್ರೇವಿಯಾ, ಪಿಮ್ಲಿಕೊ ಬಡಾವಣೆಗಳು ಬಹುಮಟ್ಟಿಗೆ ಅವನ ಕೆಲಸ. 1845ರಲ್ಲಿ ರಾಣಿ ವೈಟ್ ದ್ವೀಪದಲ್ಲಿ ಆಸ್ಬೋರ್ನ್ ಎಂಬ ಎಸ್ಟೇಟನ್ನು ಕೊಂಡಾಗ, ಆಕೆಯ ಪತಿ ಆಲ್ಬರ್ಟ್ ಬೇರೊಬ್ಬ ವಾಸ್ತುಶಿಲ್ಪಿಯನ್ನು ನೇಮಿಸದೆ ನೇರವಾಗಿ ಕ್ಯೂಬಿಟ್‌ನನ್ನೇ ಕರೆಸಿದ. ಅಲ್ಲಿದ್ದ ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟುವುದೆಂದು ಇಬ್ಬರೂ ಕುಳಿತು ನಿಶ್ಚಯಿಸಿದರು. ಮುಂದಿನ ವರ್ಷವೇ ರಾಜಕುಟುಂಬ ಮುಖ್ಯಭಾಗದಲ್ಲಿ ವಾಸಕ್ಕೆ ಬಂದಿತು. ಒಟ್ಟು ಕಟ್ಟಡ 1851ರಲ್ಲಿ ಮುಗಿಯಿತು. (ಅದೇ ಮನೆಗೆ 1890ರ ದಶಕದ ಆರಂಭದಲ್ಲಿ ಸೇರಿದ ದರ್ಬಾರ್ ಕೋಣೆಯ ಅಲಂಕಾರವನ್ನು ರೂಪಿಸಿದವನು ಲಾಹೋರಿನಿಂದ ಹೋದ ಭಾಯಿ ರಾಮ್‌ಸಿಂಗ್ ಎಂಬ ಬಡಗಿ ಮನೆತನದ ಶಿಲ್ಪಿ. ಅವನದೇ ಒಂದು ಬೇರೆ ಕಥೆ.)

ಇಲ್ಲಿಯವರೆಗೆ ಓದಿದವರು ಅಕ್ಕನ ಮಗನ ಪಕ್ಷವೇ ಗೆದ್ದಿತು ಎಂದುಕೊಳ್ಳಬಹುದು. ಆದರೆ ಕ್ಯೂಬಿಟ್ ತನ್ನ ಆಳುಗಳನ್ನು ತಾನೇ ಇಟ್ಟುಕೊಂಡಿದ್ದ ಎಂಬುದನ್ನು ಮರೆಯಬಾರದು. ಇಂದು ನಾವು ಕಂಟ್ರಾಕ್ಟರ್ ಎಂದು ಕರೆಯುವವರಲ್ಲಿ ಅನೇಕರಿಗೆ ಒಂದು ಮೊಬೈಲು, ಒಂದು ಮೋಟರ್ ಬೈಕು ಬಿಟ್ಟರೆ ಬೇರೆ ಬಂಡವಾಳವಿಲ್ಲ. ಅವರು ಕೆಲಸವನ್ನು ಹಿಡಿಯುತ್ತಾರೆ, ಕೈ ಬದಲಾಯಿಸುತ್ತಾರೆ. ಗೋಡೆ ಒಬ್ಬನಿಗೆ ಒಳಗುತ್ತಿಗೆ, ನೆಲ ಇನ್ನೊಬ್ಬನಿಗೆ, ಬಣ್ಣ ಮತ್ತೊಬ್ಬನಿಗೆ. ಪ್ರತಿಯೊಂದು ಕೈಯಲ್ಲಿಯೂ ಒಂದಿಷ್ಟು ಹಣ ಅಂಟಿಕೊಂಡು, ಕೊನೆಯಲ್ಲಿ ಕರಣೆ ಹಿಡಿದವನಿಗೆ ತಲುಪುವುದು ಎಷ್ಟು?

ಈ ಒಳಗುತ್ತಿಗೆಯ ಪರಿಣಾಮವನ್ನು ನಮ್ಮ ದೇಶ ಬಹು ಹಿಂದೆಯೇ ಕಂಡಿದೆ. ಮುಂಬಯಿ–ಪುಣೆಗಳ ನಡುವಣ ಭೋರ್ ಘಾಟಿನಲ್ಲಿ ರೈಲುಮಾರ್ಗ ಹಾಕುವ ಗುತ್ತಿಗೆಯನ್ನು ಫೇವಿಯಲ್ ಎಂಬ ಇಂಗ್ಲಿಷ್ ಗುತ್ತಿಗೆದಾರ ಹಿಡಿದ. ಸುಮಾರು 15 ಮೈಲಿಗಳ ಏರುದಾರಿ, 25 ಸುರಂಗಗಳು. ಅವನು ಕೆಲಸವನ್ನು ಒಳಗುತ್ತಿಗೆಗಳಾಗಿ ಹಂಚಿದ. ಕೂಲಿಯ ಬಟವಾಡೆ ಸರಿಯಾಗಿ ಆಗಲಿಲ್ಲ. 1859ರ ಆರಂಭದಲ್ಲಿ ಕೂಲಿಗಳು ದಂಗೆಯೆದ್ದರು. ಅದೇ ವರ್ಷ ಫೇವಿಯಲ್ ಗುತ್ತಿಗೆಯನ್ನು ಬಿಟ್ಟುಕೊಟ್ಟ. ಆಮೇಲೆ ಬಂದ ಸಾಲೊಮನ್ ಟ್ರೆಡ್‌ವೆಲ್ ಭಾರತಕ್ಕೆ ಬಂದಿಳಿದ ಕೆಲವೇ ದಿನಗಳಲ್ಲಿ ಕಾಯಿಲೆಯಿಂದ ಸತ್ತ. ಅವನ ಹೆಂಡತಿ ಆಲಿಸ್ ಊರಿಗೆ ಮರಳದೆ ಗುತ್ತಿಗೆಯನ್ನು ತನ್ನ ಹೆಸರಿಗೆ ಮುಂದುವರಿಸಿಕೊಂಡು, ಇಬ್ಬರು ಸಮರ್ಥ ಎಂಜಿನಿಯರುಗಳನ್ನು ಮುಂದಿಟ್ಟುಕೊಂಡು, 1863ರಲ್ಲಿ ಮಾರ್ಗವನ್ನು ಮುಗಿಸಿಕೊಟ್ಟಳು. ಕೆಲಸದ ಉಚ್ಛ್ರಾಯದಲ್ಲಿ ಅಲ್ಲಿ 42,000ಕ್ಕೂ ಮಿಕ್ಕಿ ಜನ ದುಡಿಯುತ್ತಿದ್ದರು. ಪಠ್ಯಪುಸ್ತಕಗಳಲ್ಲಿ ಡಾಲ್‌ಹೌಸಿಯ ಹೆಸರು ಇರುತ್ತದೆ, ಈಕೆಯದು ಇರುವುದಿಲ್ಲ. ಆ ದಂಗೆಯ ಬೆನ್ನಿಗೆ, 1860ರಲ್ಲಿ, ಕೂಲಿಯ ವ್ಯಾಜ್ಯಗಳನ್ನು ಮ್ಯಾಜಿಸ್ಟ್ರೇಟರು ತೀರ್ಮಾನಿಸುವ ಕಾನೂನು ಬಂದಿತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೊಡಬೇಕು ಎಂಬ ನಿಯಮ ನಮ್ಮ ಸಂಸತ್ತಿನ ಕಾಯ್ದೆಯಲ್ಲಿ ಬರೆಯಲ್ಪಡಲು 1970 ಬರಬೇಕಾಯಿತು. ಸಣ್ಣ ಮನೆಯ ಕೆಲಸಕ್ಕೆ ಆ ಕಾಯ್ದೆ ಅನ್ವಯಿಸುವಷ್ಟು ಆಳುಗಳು ಇರುತ್ತಿರಲಿಲ್ಲ. ಆದರೆ ನಮ್ಮ ಜಗಲಿಯ ಮೇಲೆ ಕುಳಿತು ಉಂಡವನಿಗೆ ಶನಿವಾರದ ಬಟವಾಡೆ ಆಯಿತೇ ಎಂದು ಕೇಳುವುದಕ್ಕೆ ಕಾಯ್ದೆ ಬೇಕಾಗಿಲ್ಲ.

ಇನ್ನು ನನಗೆ ಎಲ್ಲಕ್ಕಿಂತ ಹೆಚ್ಚು ಪಾಠ ಕಲಿಸಿದ ಮನೆಯೆಂದರೆ ಅಮೆರಿಕದ ಅಧ್ಯಕ್ಷರ ಶ್ವೇತಭವನ. ಅದನ್ನು ಕಟ್ಟುವಾಗ ಗುತ್ತಿಗೆದಾರನೇ ಇರಲಿಲ್ಲ. ಐರ್ಲೆಂಡಿನಿಂದ ಬಂದ ಜೇಮ್ಸ್ ಹೋಬನ್ ನಕ್ಷೆ ಬರೆದ. 1792ರ ಅಕ್ಟೋಬರಿನಲ್ಲಿ ಅಡಿಗಲ್ಲು ಬಿದ್ದಿತು. ಮೂವರು ಕಮಿಷನರುಗಳು ತಾವೇ ಕಲ್ಲು ತರಿಸಿದರು, ಸ್ಕಾಟ್ಲೆಂಡಿನಿಂದ ಕಲ್ಲುಕುಟಿಗರನ್ನು ಕರೆಸಿದರು, ಗುಲಾಮರನ್ನು ಅವರ ಒಡೆಯರಿಂದ ಬಾಡಿಗೆಗೆ ಪಡೆದರು. ಆ ಬಾಡಿಗೆಯ ಹಣ ಸೇರಿದ್ದು ಒಡೆಯರ ಜೇಬಿಗೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. 1800ರಲ್ಲಿ ಆಡಮ್ಸ್ ದಂಪತಿಗಳು ವಾಸಕ್ಕೆ ಬಂದಾಗ ಮನೆ ಇನ್ನೂ ಅಪೂರ್ಣವಾಗಿತ್ತು. ಅಬಿಗೇಲ್ ಆಡಮ್ಸ್ ದೊಡ್ಡ ಹಜಾರದಲ್ಲಿ ಒಗೆದ ಬಟ್ಟೆ ಒಣಗಹಾಕಿದ್ದು ಪ್ರಸಿದ್ಧ. 1814ರಲ್ಲಿ ಬ್ರಿಟಿಷ್ ಸೈನ್ಯ ಅದಕ್ಕೆ ಬೆಂಕಿಯಿಟ್ಟಿತು. ಹೋಬನ್ನನೇ ಮತ್ತೆ ಕಟ್ಟಿಸಿದ.

ಮುಂದಿನ ಒಂದು ಶತಮಾನದಲ್ಲಿ ಆ ಮನೆಗೆ ಆದದ್ದು ನಮ್ಮ ಎಲ್ಲ ಹಳೆಯ ಮನೆಗಳಿಗೂ ಆಗುವಂಥದೇ. 1833ರಲ್ಲಿ ನೀರಿನ ಕೊಳವೆ ಬಂದಿತು. 1848ರಲ್ಲಿ ಅನಿಲದೀಪ. 1891ರಲ್ಲಿ ವಿದ್ಯುತ್ತು. ಪ್ರತಿಯೊಂದು ಬಾರಿಯೂ ಆಯಾ ಕಸುಬಿನವನು ಬಂದು, ತನ್ನ ಕೊಳವೆಯೋ ತಂತಿಯೋ ಹಾಯುವುದಕ್ಕೆ ಬೇಕಾದಷ್ಟು ತೊಲೆಯನ್ನು ಕಚ್ಚು ಹಾಕಿ, ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿಕೊಂಡು ಹೋದ. ತನ್ನ ಮಟ್ಟಿಗೆ ಅವನು ಸರಿಯಾದ ಕೆಲಸವನ್ನೇ ಮಾಡಿದ್ದ. ಆದರೆ ಆ ತೊಲೆಯಲ್ಲಿ ಇನ್ನೆಷ್ಟು ಮರ ಉಳಿದಿದೆ ಎಂದು ನೋಡುವುದು ಯಾರ ಕೆಲಸವೂ ಆಗಿರಲಿಲ್ಲ.

1902ರಲ್ಲಿ ಥಿಯೋಡೋರ್ ರೂಸ್‌ವೆಲ್ಟ್ ಅಧ್ಯಕ್ಷನಾಗಿದ್ದಾಗ ಆರು ಮಕ್ಕಳ ಆ ಸಂಸಾರಕ್ಕೆ ಮನೆ ಸಾಲದೆ ದೊಡ್ಡ ದುರಸ್ತಿಯಾಯಿತು. ವಾಸ್ತುಶಿಲ್ಪಿ ಮೆಕಿಮ್. ಗುತ್ತಿಗೆ ಹಿಡಿದವರು ಮ್ಯಾಸಚೂಸೆಟ್ಸಿನ ನಾರ್‌ಕ್ರಾಸ್ ಸೋದರರು. ಸ್ವಂತ ಕಲ್ಲುಗಣಿ, ಸ್ವಂತ ಕಾರ್ಖಾನೆಗಳಿದ್ದ ಇವರನ್ನು ಅಮೆರಿಕದ ಕ್ಯೂಬಿಟ್‌ಗಳು ಎನ್ನಬಹುದು. ಒಂದು ಬೇಸಿಗೆಯಲ್ಲಿ ಆರಂಭವಾಗಿ ವರ್ಷಾಂತ್ಯದೊಳಗೆ ಕೆಲಸ ಮುಗಿಯಿತು. ವೇಗವೇನೋ ಮೆಚ್ಚತಕ್ಕದ್ದೇ. ಆದರೆ ಭೋಜನಶಾಲೆಯನ್ನು ದೊಡ್ಡದು ಮಾಡುವುದಕ್ಕಾಗಿ ಪಶ್ಚಿಮದ ಮೆಟ್ಟಿಲನ್ನೂ ಭಾರ ಹೊತ್ತಿದ್ದ ಗೋಡೆಯನ್ನೂ ತೆಗೆದು, ಮೇಲಿನ ನೆಲವನ್ನು ಅಟ್ಟದ ಉಕ್ಕಿನ ಕಟ್ಟಿಗೆ ತೂಗುಹಾಕಲಾಯಿತು. 1927ರಲ್ಲಿ ಆ ಅಟ್ಟವನ್ನೇ ಉಕ್ಕು ಕಾಂಕ್ರೀಟುಗಳ ಮೂರನೆಯ ಅಂತಸ್ತಾಗಿ ಮಾಡಿದರು. ಆ ಭಾರವೆಲ್ಲ ಇಳಿದದ್ದು ಸರಿಯಾದ ಪಾಯವಿಲ್ಲದ ಒಳಗೋಡೆಗಳ ಮೇಲೆ. ಒಬ್ಬರೇ ಗುತ್ತಿಗೆದಾರರು ಹಿಡಿದ ಮಾತ್ರಕ್ಕೆ ಮನೆಯ ಒಟ್ಟು ಆರೋಗ್ಯವನ್ನು ಯಾರೋ ನೋಡಿದರು ಎಂದು ಅರ್ಥವಲ್ಲ. ನಾರ್‌ಕ್ರಾಸ್ ಸೋದರರು ತಮಗೆ ಹೇಳಿದ್ದನ್ನು ಹೇಳಿದ ಅವಧಿಯಲ್ಲಿ ಮಾಡಿದರು.

1948ರ ಬೇಸಿಗೆಯಲ್ಲಿ ಅಧ್ಯಕ್ಷ ಟ್ರೂಮನ್ನನ ಮಗಳ ಪಿಯಾನೋದ ಒಂದು ಕಾಲು ನೆಲವನ್ನು ತೂತು ಮಾಡಿಕೊಂಡು ಕೆಳಗಿಳಿಯಿತು. ಪರೀಕ್ಷಿಸಿದ ಎಂಜಿನಿಯರುಗಳು ಮನೆ ಬೀಳದೆ ನಿಂತಿರುವುದೇ ಆಶ್ಚರ್ಯವೆಂದರು. ಟ್ರೂಮನ್ ಸಂಸಾರ ರಸ್ತೆಯಾಚೆಯ ಬ್ಲೇರ್ ಹೌಸಿಗೆ ಹೋಯಿತು. ಪೂರ್ತಿ ಕೆಡವಿ ಹೊಸದನ್ನು ಕಟ್ಟುವುದೋ, ಹಳೆಯ ಹೊರಗೋಡೆಗಳನ್ನು ಉಳಿಸಿಕೊಂಡು ಒಳಗನ್ನು ಮಾತ್ರ ಬಗೆದು ಕಟ್ಟುವುದೋ ಎಂಬ ಚರ್ಚೆ ನಡೆಯಿತು. ಕಾಂಗ್ರೆಸ್ ಸಭೆ ಆರು ಮಂದಿಯ ಆಯೋಗವನ್ನು ನೇಮಿಸಿತು: ಇಬ್ಬರು ಸೆನೆಟರುಗಳು, ಇಬ್ಬರು ಪ್ರತಿನಿಧಿಗಳು, ಹೊರಗಿನಿಂದ ಒಬ್ಬ ಎಂಜಿನಿಯರ್, ಒಬ್ಬ ವಾಸ್ತುಶಿಲ್ಪಿ. ಗೋಡೆಗಳನ್ನು ಉಳಿಸುವುದೆಂದು ತೀರ್ಮಾನವಾಯಿತು.

ಇಲ್ಲಿ ಆಯೋಗವು ಗುತ್ತಿಗೆ ಕೊಟ್ಟ ರೀತಿಯನ್ನು ನೋಡಿ. ನೂರೈವತ್ತು ವರ್ಷ ದಾಟಿದ ಗೋಡೆಯ ಹಿಂದೆ ಏನಿದೆಯೋ ಯಾರೂ ಕಂಡವರಿಲ್ಲ. ಒಟ್ಟು ಕೆಲಸಕ್ಕೆ ಒಂದೇ ಮೊತ್ತ ಹೇಳಿ ಎಂದರೆ ಗುತ್ತಿಗೆದಾರ ತನ್ನ ಭಯವನ್ನೆಲ್ಲ ಲೆಕ್ಕಕ್ಕೆ ಸೇರಿಸಿ ಮೊತ್ತವನ್ನು ಏರಿಸುತ್ತಾನೆ. ಇಲ್ಲವೇ ಕಡಿಮೆ ಹೇಳಿ, ಆಮೇಲೆ ಒಳಗೆ ಮುಚ್ಚಿಹೋಗುವ ಕೆಲಸದಲ್ಲಿ ಕದಿಯುತ್ತಾನೆ. ಆದುದರಿಂದ ಸಾಮಾನು ಮತ್ತು ಕೂಲಿಗಳ ನಿಜವಾದ ಖರ್ಚನ್ನು ಸರಕಾರವೇ ಭರಿಸುವುದು, ಗುತ್ತಿಗೆದಾರನಿಗೆ ಅವನ ಶ್ರಮಕ್ಕಾಗಿ ಒಂದು ನಿಶ್ಚಿತ ಸಂಭಾವನೆ ಮಾತ್ರ ಎಂದಾಯಿತು. ಪೆಂಟಗನ್ ಕಟ್ಟಿದವರಲ್ಲಿ ಒಬ್ಬನಾದ ಫಿಲಡೆಲ್ಫಿಯಾದ ಜಾನ್ ಮೆಕ್‌ಶೇನ್ 1,00,000 ಡಾಲರುಗಳಿಗೆ ಒಪ್ಪಿ ಕೆಲಸವನ್ನು ಪಡೆದ. ಸಂಭಾವನೆ ನಿಶ್ಚಿತವಾದ್ದರಿಂದ ಖರ್ಚನ್ನು ಹೆಚ್ಚಿಸಿ ಅವನಿಗೆ ಬರತಕ್ಕ ಲಾಭವಿಲ್ಲ. ಸಾಮಾನಿನಲ್ಲಿ ಮಿಗಿಸಿ ಬರತಕ್ಕ ಲಾಭವೂ ಇಲ್ಲ. 1949ರ ಡಿಸೆಂಬರಿನಲ್ಲಿ ಆರಂಭವಾದ ಕೆಲಸ ಮುಗಿದು 1952ರ ಮಾರ್ಚ್ 27ರಂದು ಟ್ರೂಮನ್ ಮನೆಗೆ ಮರಳಿದ. ಮೊದಲು ಮಂಜೂರಾದದ್ದು 54 ಲಕ್ಷ ಡಾಲರು, ಕೊನೆಗೆ ಆದದ್ದು ಸುಮಾರು 57 ಲಕ್ಷ. ಒಳಗನ್ನೆಲ್ಲ ಬಗೆದು ಹೊಸ ಪಾಯ, ಉಕ್ಕಿನ ಚೌಕಟ್ಟು ನಿಲ್ಲಿಸಿದ ಕೆಲಸಕ್ಕೆ ಇದು ಅತಿಯೇನಲ್ಲ. ಗೋಡೆಯಲ್ಲಿ ದೊಡ್ಡ ಕಂಡಿ ಮಾಡಕೂಡದೆಂದು ಟ್ರೂಮನ್ ಹಟ ಹಿಡಿದದ್ದರಿಂದ ಬುಲ್‌ಡೋಜರನ್ನು ಬಿಚ್ಚಿ, ತುಂಡು ತುಂಡಾಗಿ ಒಳಗೆ ಸಾಗಿಸಿ, ಅಲ್ಲಿ ಮತ್ತೆ ಜೋಡಿಸಿದರಂತೆ! ಮನೆಯ ಯಜಮಾನ ಹತ್ತಿರದಲ್ಲಿಯೇ ಇದ್ದು ದಿನವೂ ಬಂದು ನೋಡುತ್ತಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದು ನಿದರ್ಶನ. ಆದರೆ ಅವಸರದಲ್ಲಿ ಹಳೆಯ ಮರಗೆಲಸದ ಎಷ್ಟೋ ಭಾಗವನ್ನು ಮರಳಿ ಜೋಡಿಸದೆ ಹಳ್ಳಕ್ಕೆ ತುಂಬಿಬಿಟ್ಟರು. ಅದನ್ನು ಓದಿದಾಗ ನನಗೆ ಹೊಟ್ಟೆ ಉರಿಯಿತು.

ನಮ್ಮ ಮೈಸೂರಿನದು ದುರಸ್ತಿಯಲ್ಲ, ಪುನರ್ನಿರ್ಮಾಣ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಮರದ ಹಳೆಯ ಅರಮನೆ ಸುಟ್ಟಿತು. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಹೆನ್ರಿ ಇರ್ವಿನ್‌ಗೆ ನಕ್ಷೆಯ ಕೆಲಸವನ್ನು ವಹಿಸಿದರು. ಆದರೆ ಕಟ್ಟಡದ ಮೇಲೆ ಕಣ್ಣಿಡಲು ಅರಮನೆಯ ವಿಭಾಗದ ಎಕ್ಸಿಕ್ಯುಟಿವ್ ಎಂಜಿನಿಯರ್ ಬಿ. ಪಿ. ರಾಘವುಲು ನಾಯ್ಡು ಅವರು ಇದ್ದರು. ಕಲ್ಯಾಣ ಮಂಟಪದ ಎರಕದ ಕಂಬಗಳು ಗ್ಲಾಸ್ಗೋದಿಂದ ಬಂದವು. 1912ರಲ್ಲಿ ಮುಗಿದಾಗ ಲೆಕ್ಕ 41,47,913 ರೂಪಾಯಿಗಳಿಗೆ ನಿಂತಿತು. ಕೊನೆಯ ಹದಿಮೂರು ರೂಪಾಯಿಗಳವರೆಗೂ ಲೆಕ್ಕವಿರುವುದನ್ನು ನಾನು ಸದಾ ಮಕ್ಕಳಿಗೆ ಎತ್ತಿ ಹೇಳುತ್ತಿದ್ದೆ. ನಕ್ಷೆ ಮಾಡುವವನು ಒಬ್ಬ, ಕಟ್ಟುವವರು ಹಲವರು, ಇಬ್ಬರಿಗೂ ಸೇರದೆ ಮನೆಯವರ ಪರವಾಗಿ ನಿಂತು ನೋಡುವವನು ಮತ್ತೊಬ್ಬ. ಈ ಮೂರನೆಯವನೇ ನಮ್ಮ ಮನೆಗಳ ಕೆಲಸದಲ್ಲಿ ಇಲ್ಲದವನು.

ಹಿಂದೆ ಅವನು ಇದ್ದ. ನಾನು ಮಿಡಲ್ ಸ್ಕೂಲಿನಲ್ಲಿದ್ದಾಗ ಇದೇ ತೊಟ್ಟಿಮನೆಯ ಹಿಂಬದಿಗೆ ತಂದೆಯವರು ಒಂದು ಕಣಜದ ಕೋಣೆಯನ್ನು ಸೇರಿಸಿದರು. ಕೆಲಸ ದಿನಗೂಲಿಯದು. ತಂದೆಯವರು ಬೆಳಗಿನಿಂದ ಸಂಜೆಯವರೆಗೆ ಜಗಲಿಯಲ್ಲಿ ಕುಳಿತಿರುತ್ತಿದ್ದರು. ಹಾಜರಿ ಬರೆಯುವುದು ನನ್ನ ಪಾಲಿಗೆ. ಮೇಸ್ತ್ರಿ ನಮ್ಮ ತಂದೆಯವರಿಗಿಂತ ಹಿರಿಯರು, ಅವರ ತಂದೆಯೇ ಮನೆಯ ಮೊದಲ ಗೋಡೆಗಳನ್ನು ಎತ್ತಿದವರು. ಯಾವ ಕಂಬದ ಕೆಳಗೆ ಬಂಡೆಯಿದೆ, ಎಲ್ಲಿ ಬರಿಯ ಮಣ್ಣಿದೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ದಿನಗೂಲಿಯ ಪದ್ಧತಿ ಅಗ್ಗವಾಗಿದ್ದುದು ಕೂಲಿ ಕಡಿಮೆಯೆಂಬ ಕಾರಣಕ್ಕೆ ಮಾತ್ರವಲ್ಲ. ಮೇಲ್ವಿಚಾರಣೆಯ ಬೆಲೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಇಂದು ಊರಿನಲ್ಲಿ ಹಾಗೆ ಕುಳಿತುಕೊಳ್ಳುವ ಯಜಮಾನರೂ ಇಲ್ಲ, ಆ ಮೇಸ್ತ್ರಿಯ ಮೊಮ್ಮಕ್ಕಳು ಕರಣೆ ಹಿಡಿದೂ ಇಲ್ಲ. ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಮನೆಯ ಮುಂದೆ ನಿಲ್ಲುವವರು ಯಾರು ಎಂದು ಊರಿನ ನೆಂಟರನ್ನು ಕೇಳಿದೆ. ಉತ್ತರ ಬರಲಿಲ್ಲ. ಎಪ್ಪತ್ತು ದಾಟಿದ ಅಕ್ಕ ಮುರಿದ ಕೈಯಲ್ಲಿ ಸಿಮೆಂಟಿನ ಚೀಲ ಎಣಿಸಬೇಕೆ?

ಹಾಗೆಂದು ಎಲ್ಲವನ್ನೂ ಒಬ್ಬನಿಗೆ ವಹಿಸಿ ಕೈ ತೊಳೆದುಕೊಳ್ಳುವುದೂ ನನಗೆ ಒಪ್ಪಿಗೆಯಲ್ಲ. ನನ್ನ ಸಹೋದ್ಯೋಗಿಯೊಬ್ಬರು ಹಾಗೆ ಮಾಡಿದರು. ಮುಂಗಡವಾಗಿ ಅರ್ಧಕ್ಕಿಂತ ಹೆಚ್ಚು ಹಣ ತೆಗೆದುಕೊಂಡವನು ಸೂರು ಬಿಚ್ಚಿಸಿ ಹಾಕಿ, ಬೇರೆ ಕಡೆ ದೊಡ್ಡ ಕೆಲಸ ಸಿಕ್ಕಿತೆಂದು ಹೋದ. ಅವರ ಸಂಸಾರ ಒಂದು ಮಳೆಗಾಲವನ್ನು ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಕಳೆಯಿತು. ಅವರ ಬಳಿ ಕರಾರಿನ ಕಾಗದವೇ ಇರಲಿಲ್ಲ.

ಆದುದರಿಂದ ಅಕ್ಕನ ಮಗನಿಗೆ ನಾನು ಹೇಳಿದ್ದು ಇದು. ಮನೆಯನ್ನು ಒಂದು ಕೆಲಸವೆಂದು ನೋಡಬೇಡ, ಎರಡೆಂದು ನೋಡು. ಬಚ್ಚಲು, ಶೌಚಾಲಯ, ಅಡಿಗೆಮನೆ, ವೈರಿಂಗ್ ಇವು ಹೊಸ ಕೆಲಸಗಳು. ಅಳತೆ ಗೊತ್ತು, ಸಾಮಾನು ಗೊತ್ತು, ದರ ಗೊತ್ತು. ಇವೆಲ್ಲವನ್ನೂ ಒಬ್ಬನೇ ಕಂಟ್ರಾಕ್ಟರಿಗೆ ನಿಶ್ಚಿತ ಮೊತ್ತಕ್ಕೆ ಕೊಡು. ಕೊಳಾಯಿಯವನೂ ವಿದ್ಯುತ್ತಿನವನೂ ಒಬ್ಬನ ಅಂಕೆಯಲ್ಲಿಯೇ ಇರಲಿ. ಇಲ್ಲವಾದರೆ ಶ್ವೇತಭವನದ ತೊಲೆಗಳ ಗತಿಯೇ ನಮ್ಮ ಹಲಸಿನ ತೊಲೆಗಳಿಗೂ ಆಗುತ್ತದೆ. ತೊಲೆಗೆ, ಕಂಬಕ್ಕೆ, ಜಂತೆಗೆ ಯಾರೂ ಉಳಿ ತಾಗಿಸಕೂಡದು ಎಂದು ಕರಾರಿನಲ್ಲಿ ಬರೆಯಿಸು. ಆದರೆ ಮಾಡು, ಮರಗೆಲಸ, ಮಣ್ಣಿನ ಗೋಡೆ ಇವು ಬಿಚ್ಚಿ ನೋಡುವವರೆಗೆ ಯಾರಿಗೂ ಗೊತ್ತಾಗದ ಕೆಲಸಗಳು. ಗೆದ್ದಲು ಎಷ್ಟು ತಿಂದಿದೆಯೋ ದೇವರಿಗೇ ಗೊತ್ತು. ಇವಕ್ಕೆ ಒಟ್ಟು ಮೊತ್ತ ಕೇಳಿದರೆ ಕಂಟ್ರಾಕ್ಟರು ಮರವನ್ನೆಲ್ಲ ಕಿತ್ತೆಸೆದು ಕಬ್ಬಿಣದ ಪೈಪು, ತಗಡಿನ ಶೀಟು ಹಾಕೋಣ ಎನ್ನುತ್ತಾನೆ. ಅವನ ದೃಷ್ಟಿಯಲ್ಲಿ ಅದು ನ್ಯಾಯವೇ, ಲೆಕ್ಕ ಸುಲಭ. ಅದನ್ನು ಬಡಗಿಗಳ ದಿನಗೂಲಿಯ ಮೇಲೆಯೇ ಮಾಡಿಸು, ಸಾಮಾನು ನೀನೇ ಕೊಡಿಸು. ಹಿರಿಯ ಬಡಗಿಗೆ ಕೂಲಿಯಲ್ಲದೆ ಕೆಲಸ ಮುಗಿಸಿದ್ದಕ್ಕೆ ಒಂದು ನಿಶ್ಚಿತ ಸಂಭಾವನೆಯನ್ನು ಗೊತ್ತುಮಾಡು. ಎರಡೂ ಕೆಲಸಗಳ ಮೇಲೆ ಕಣ್ಣಿಡಲು ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಒಬ್ಬ ಎಂಜಿನಿಯರನ್ನು ಹುಡುಕು. ವಾರಕ್ಕೆ ಎರಡು ಬಾರಿ ಬಂದು ಅಳತೆ ಪುಸ್ತಕದಲ್ಲಿ ಬರೆದು ಹೋದರೆ ಸಾಕು. ಅವರಿಗೆ ಕೊಡುವುದು ದಂಡವಲ್ಲ.

ಹಣದ ವಿಷಯದಲ್ಲಿಯೂ ಇಲಾಖೆಯ ಹಳೆಯ ಪದ್ಧತಿಯೇ ಮೇಲು. ಸಾಮಾನು ತರುವುದಕ್ಕೆ ಬೇಕಾದಷ್ಟೇ ಮುಂಗಡ, ಆಮೇಲೆ ಆದ ಕೆಲಸಕ್ಕೆ ಅಳತೆಯಂತೆ ಹಣ, ನೂರಕ್ಕೆ ಹತ್ತನ್ನು ಒಂದು ಮಳೆಗಾಲ ಕಳೆಯುವವರೆಗೆ ಕೈಯಲ್ಲಿ ಹಿಡಿದಿರುವುದು. “ಮಧ್ಯದಲ್ಲಿ ಮನಸ್ಸು ಬದಲಾಯಿಸಿದರೆ?” ಎಂದು ಅವನು ಕೇಳಿದ. ಬದಲಾಯಿಸಬಹುದು, ಆದರೆ ಪ್ರತಿ ಬದಲಾವಣೆಯ ಬೆಲೆಯನ್ನೂ ಅದೇ ದಿನ ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಬೇಕು. ನಾಲ್ಕನೆಯ ಜಾರ್ಜನ ಕೈಯಲ್ಲಿ ಅಂಥ ಒಂದು ಪುಸ್ತಕವಿದ್ದಿದ್ದರೆ ನ್ಯಾಷ್ ಮುದಿವಯಸ್ಸಿನಲ್ಲಿ ಅವಮಾನ ಪಡಬೇಕಾಗಿರಲಿಲ್ಲ.

ಅವನು ಒಪ್ಪಿದ್ದಾನೆ. ಊರಿನ ನೆಂಟರು ಅರ್ಧ ಒಪ್ಪಿದ್ದಾರೆ. ಒಪ್ಪಿಸುವುದಕ್ಕೆ ಕಷ್ಟವಾದದ್ದು ಅಕ್ಕನನ್ನು. ಕೆಲಸ ನಡೆಯುವಾಗ ಮನೆಯಲ್ಲಿಯೇ ಒಂದು ಮೂಲೆಯಲ್ಲಿ ಇರುತ್ತೇನೆಂದು ಹಟ ಹಿಡಿದಿದ್ದರು. ಟ್ರೂಮನ್ ಮೂರು ವರ್ಷಕ್ಕೂ ಮಿಕ್ಕಿ ಬೇರೆ ಮನೆಯಲ್ಲಿದ್ದ ಎಂದು ನಾನು ಹೇಳಿದಾಗ, “ಅವನಿಗೆ ತುಳಸಿಗೆ ನೀರು ಹಾಕುವ ಕೆಲಸವಿರಲಿಲ್ಲ” ಎಂದರು. ಕೊನೆಗೆ ತುಳಸಿಯ ಹೊಣೆಯನ್ನು ಪಕ್ಕದ ಮನೆಯವರಿಗೆ ವಹಿಸಿ, ದೀಪಾವಳಿ ಕಳೆದ ಮೇಲೆ ನಮ್ಮಲ್ಲಿಗೆ ಬಂದಿರಲು ಒಪ್ಪಿದ್ದಾರೆ.

ಕೆಲಸ ಆರಂಭವಾಗುವುದು ಮಾಡಿನಿಂದ. ಮೇಲಿರುವುದು ಬಾಸೆಲ್ ಮಿಷನ್ನಿನ ಮುದ್ರೆಯ ಹೆಂಚುಗಳು. 1865ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಆ ಕಾರ್ಖಾನೆಯ ಮಾಲು ಈಗ ಹಣ ಕೊಟ್ಟರೂ ಸಿಗುವುದಿಲ್ಲ. ಒಂದೊಂದಾಗಿ ಇಳಿಸಿ, ತೊಳೆದು, ಎಣಿಸಿ, ಹಿತ್ತಿಲಿನಲ್ಲಿ ನಿಲ್ಲಿಸಿ ಜೋಡಿಸಬೇಕು. ಒಡೆದವುಗಳ ಲೆಕ್ಕವನ್ನು ಬೇರೆ ಬರೆಯಬೇಕು. ಇದಕ್ಕೆ ಮಾತ್ರ ನಮ್ಮವರೇ ನಿಲ್ಲುವುದು ಒಳ್ಳೆಯದು. ಕಾರ್ತಿಕದ ಎರಡನೆಯ ಭಾನುವಾರ ಊರಿಗೆ ಬರಬಲ್ಲವರು ಮುಂಚಿತವಾಗಿ ತಿಳಿಸಿದರೆ ಊಟದ ಏರ್ಪಾಡಿಗೆ ಅನುಕೂಲವಾಗುತ್ತದೆ.